ಎರಡನೇ ಮಂಗಳವಾರ: ಮಂಡ್ಯ ಸೀಮೆಯ ಒಂದು ಪ್ರಕರಣ ಅಧ್ಯಯನ

ವರದಿ ನೋಡಿದರೆ ಎಲ್ಲ ಚೆನ್ನಾಗೇ ಇತ್ತು. ತಾಲ್ಲೂಕು ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದ ರಿಜಿಸ್ಟರಿನಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗೆ 1,140 ಸಾಲು ತುಂಬಿದ್ದವು. ಹಿಂದಿನ ಮೂರು ತಿಂಗಳಿಗಿಂತ ಜಾಸ್ತಿ. ಜಿಲ್ಲೆಯ ಸಭೆಯಲ್ಲಿ ಶಹಬ್ಬಾಸ್ ಕೂಡ ಸಿಕ್ಕಿತ್ತು. ಮಾರನೇ ದಿನ ಊಟದ ಡಬ್ಬಿ ಬಿಚ್ಚುತ್ತಾ ಸಿಸ್ಟರ್ ಒಬ್ಬರು ಸುಮ್ನೆ ಕೇಳಿದರು: "ಹೋದ ತಿಂಗಳು ಆಲೆಮನೆಯಿಂದ ನಾಲ್ಕು ಜನ ಒಟ್ಟಿಗೆ ಬಂದಿದ್ರಲ್ಲ, ಕುಡಿಯೋದು ಬಿಡ್ತೀವಿ ಅಂತ. ಅವರಲ್ಲಿ ಒಬ್ರಾದ್ರೂ ಮತ್ತೆ ಬಂದ್ರಾ?"

ಯಾರಿಗೂ ಗೊತ್ತಿರಲಿಲ್ಲ. ವರದಿಯಲ್ಲೂ ಇರಲಿಲ್ಲ.

ಮುಂದೆ ಹೋಗೋ ಮೊದಲು ಒಂದು ಮಾತು. ಇದು ತರಬೇತಿಗೆ ಅಂತ ನಾನೇ ಕಟ್ಟಿದ ಪ್ರಕರಣ. ಆಸ್ಪತ್ರೆ, ಅಲ್ಲಿನ ಜನ, ಅವರ ರಿಜಿಸ್ಟರಿನ ಅಂಕಿ ಎಲ್ಲ ಕಲ್ಪಿತ, ಲೆಕ್ಕ ಅರ್ಥವಾಗಲಿ ಅಂತ ಇಟ್ಟಿದ್ದು. ಕಾಯಿಲೆಯ ವಿವರ, ಕಾನೂನು, ಸರ್ಕಾರದ ಯೋಜನೆ, ಹೊರಗಿನ ಸಮೀಕ್ಷೆಗಳು ಮಾತ್ರ ನಿಜವಾದವು.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಗಿದ್ದು 1996ರಲ್ಲಿ. ಅದಕ್ಕೆ ಮಾದರಿ ನಮ್ಮದೇ ಬಳ್ಳಾರಿ ಜಿಲ್ಲೆ. ನಿಮ್ಹಾನ್ಸ್‌ನವರು ಅಲ್ಲಿ ಮಾಡಿ ತೋರಿಸಿದ್ದನ್ನೇ ಬೇರೆ ಕಡೆಗೆ ಒಯ್ದರು. 2014ರಲ್ಲಿ ಕರ್ನಾಟಕ 'ಮನೋಚೈತನ್ಯ' ಶುರು ಮಾಡಿತು. ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುತ್ತಾರೆ, ಹಾಗಾಗಿ 'ಸೂಪರ್ ಟ್ಯೂಸ್‌ಡೇ' ಅಂತಲೂ ಕರೆಯುತ್ತಾರೆ. ನಮ್ಮ ಪ್ರಕರಣದ ಆಸ್ಪತ್ರೆಯಲ್ಲೂ ಮಂಗಳವಾರವೇ ದೊಡ್ಡ ದಿನ. ಉಳಿದ ದಿನ ಒಬ್ಬ ಕೌನ್ಸೆಲರ್ ಮೇಡಂ, ಒಬ್ಬ ಸಿಸ್ಟರ್, ಲೆಕ್ಕ ಬರೆಯುವ ಒಬ್ಬ ಹುಡುಗ, ಅಷ್ಟೇ.

ಸಾಲು ಎಣಿಸುವುದು, ಜನರನ್ನು ಎಣಿಸುವುದು

ಸಿಸ್ಟರ್ ಪ್ರಶ್ನೆಗೆ ಉತ್ತರ ಹುಡುಕಲು ಹೊರಟಾಗ ಮೊದಲ ತೊಂದರೆ ಗೊತ್ತಾಯಿತು. ರಿಜಿಸ್ಟರಿನಲ್ಲಿ ಒಂದು ಭೇಟಿಗೆ ಒಂದು ಸಾಲು. ಒಬ್ಬ ಮನುಷ್ಯ ಆರು ಸಲ ಬಂದರೆ ಆರು ಸಾಲು, ಆರೂ ಬೇರೆ ಬೇರೆ ಪುಟದಲ್ಲಿ. ಮೇಲಿನವರಿಗೆ ಹೋಗುತ್ತಿದ್ದದ್ದು ಸಾಲುಗಳ ಮೊತ್ತ.

ಹೆಸರು ನೋಡಿ ಜೋಡಿಸೋಣ ಅಂದರೆ ಮಂಡ್ಯ ಸೀಮೆಯಲ್ಲಿ ಅದು ಸುಲಭದ ಕೆಲಸವಲ್ಲ. ಒಂದೇ ಪುಟದಲ್ಲಿ ಮೂವರು ಮಹದೇವ, ಇಬ್ಬರು ಪುಟ್ಟಸ್ವಾಮಿ. ಒಂದು ಸಲ ಸಿದ್ದರಾಜು, ಇನ್ನೊಂದು ಸಲ ಸಿದ್ಧರಾಜ್. ಊರಿನ ಹೆಸರಿಗೆ 'ಹೊಸಹಳ್ಳಿ' ಅಂತ ಬರೆದರೆ ಯಾವ ಹೊಸಹಳ್ಳಿ? ಫೋನ್ ನಂಬರ್ ನೋಡಿದರೆ ಅದು ಮಗನದ್ದೋ, ಪಕ್ಕದ ಮನೆಯವರದ್ದೋ. ಹುಡುಗ ಮತ್ತು ಸಿಸ್ಟರ್ ಸೇರಿ ನಾಲ್ಕು ದಿನ ಮಧ್ಯಾಹ್ನ ಕೂತು ಒಬ್ಬರಿಗೆ ಒಂದು ರಟ್ಟಿನ ಚೀಟಿ ಅಂತ ಮಾಡಿದರು. ಅನುಮಾನ ಇದ್ದವನ್ನು ಬದಿಗಿಟ್ಟರು. 1,140 ಸಾಲು ಇಳಿದು 412 ಜನ ಆದರು.

ಅದರಲ್ಲಿ ಬಹುಪಾಲು ತಿಂಗಳಿಗೊಮ್ಮೆ ಮಾತ್ರೆ ತೆಗೆದುಕೊಂಡು ಹೋಗುವ ಹಳಬರು. ಸ್ಕಿಜೋಫ್ರೀನಿಯಾ, ಬೈಪೋಲಾರ್, ಹಳೆಯ ಖಿನ್ನತೆ. ಅವರು ತಪ್ಪದೆ ಬರುವುದು ಒಳ್ಳೆಯದೇ. ಆದರೆ ಮೊತ್ತವನ್ನು ಹಿಗ್ಗಿಸಿದ್ದು ಅವರು. ಕುಡಿತ ಬಿಡಬೇಕು ಅಂತ ಹೊಸದಾಗಿ ಬಂದವರು ಆ ಮೂರು ತಿಂಗಳಲ್ಲಿ 64. ಅವರಲ್ಲಿ 14 ದಿನದೊಳಗೆ ಎರಡನೇ ಸಲ ಬಂದವರು 21. ಆಮೇಲೆ ಇನ್ನೂ ಎರಡು ಸಲ ಬಂದವರು 9.

ಈ 14 ದಿನದ ಗೆರೆ ಹೊಸದೇನಲ್ಲ. ಅಮೆರಿಕದಲ್ಲಿ ಆರೋಗ್ಯ ವಿಮೆ ಯೋಜನೆಗಳ ಗುಣಮಟ್ಟ ಅಳೆಯುವಾಗ, ಚಟದ ಕಾಯಿಲೆ ಗುರುತಿಸಿದ ಮೇಲೆ 14 ದಿನದೊಳಗೆ ಚಿಕಿತ್ಸೆ ಶುರುವಾಯಿತೇ ಅಂತ ನೋಡುತ್ತಾರೆ. ನಮ್ಮ ಆಸ್ಪತ್ರೆಯವರು ಅದನ್ನೇ ಸ್ವಲ್ಪ ಬದಲಿಸಿ 'ಎರಡನೇ ಸಲ ಬಂದರೇ' ಅಂತ ಮಾಡಿಕೊಂಡರು.

64ಕ್ಕೆ 21. ಈ ಲೆಕ್ಕ ಯಾಕೆ ಕಚ್ಚುತ್ತದೆ ಅಂದರೆ, ಕುಡಿತಕ್ಕೆ ಅಂಟಿಕೊಂಡವರು ಆಸ್ಪತ್ರೆಗೆ ಬರುವುದೇ ಅಪರೂಪ. 2019ರಲ್ಲಿ ಹೊರಬಂದ ಏಮ್ಸ್‌ನ ರಾಷ್ಟ್ರೀಯ ಸಮೀಕ್ಷೆ ಪ್ರಕಾರ, ಮದ್ಯಕ್ಕೆ ಪೂರ್ತಿ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಬಗೆಯ ಚಿಕಿತ್ಸೆ ಸಿಕ್ಕಿತ್ತು. 37 ಜನ ಬರುವುದಿಲ್ಲ. ಬಂದ ಒಬ್ಬನನ್ನೂ ನಾವು ಎರಡನೇ ವಾರಕ್ಕೆ ಕಳೆದುಕೊಳ್ಳುತ್ತಿದ್ದೇವೆ.

"ಅವರಿಗೇ ಬೇಕಿಲ್ಲ ಬಿಡಿ" ಅಂದರು ಫಾರ್ಮಸಿಯವರು. ಹೆಚ್ಚಿನವರ ಅಭಿಪ್ರಾಯ ಅದೇ ಆಗಿತ್ತು. ಕೌನ್ಸೆಲರ್ ಮೇಡಂ ಮಾತ್ರ ಒಪ್ಪಲಿಲ್ಲ. ಬೇಕಿಲ್ಲದವನು ಒಂದು ದಿನದ ಕೂಲಿ ಬಿಟ್ಟು ಮೊದಲ ಸಲವಾದರೂ ಯಾಕೆ ಬರುತ್ತಿದ್ದ ಅಂತ ಅವರ ವಾದ. ನನಗೂ ಅವರ ಮಾತೇ ಸರಿ ಅನ್ನಿಸುತ್ತದೆ.

ಹುಡುಗ ರೋಗಿಯಾಗಿ ಬಂದ ದಿನ

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಗಸ್ಟಾಫ್ಸನ್ ಅಂತ ಒಬ್ಬ ಎಂಜಿನಿಯರ್. 2003ರಲ್ಲಿ ಅವರು ನಯಾಟೆಕ್ಸ್ ಅನ್ನುವ ಕೆಲಸ ಶುರು ಮಾಡಿದರು. ಚಟ ಬಿಡಿಸುವ ಕೇಂದ್ರಗಳಲ್ಲಿ ಕಾಯುವ ಹೊತ್ತು ಕಡಿಮೆ ಮಾಡುವುದು, ಬಂದವರನ್ನು ಉಳಿಸಿಕೊಳ್ಳುವುದು ಅದರ ಗುರಿ. ಅಲ್ಲಿ ಮೊದಲ ಪಾಠವೇ ಕೇಂದ್ರದ ಸಿಬ್ಬಂದಿಯಲ್ಲಿ ಒಬ್ಬರು ರೋಗಿಯ ಹಾಗೆ ಬಾಗಿಲಿನಿಂದ ಕೊನೆವರೆಗೂ ನಡೆದು ನೋಡಬೇಕು ಅನ್ನುವುದು. ಇದಕ್ಕೆ ಕಾಸು ಬೇಕಿಲ್ಲ. ಲೆಕ್ಕ ಬರೆಯುವ ಹುಡುಗನನ್ನೇ ಕಳಿಸಿದರು. ಹೊರರೋಗಿ ಕೌಂಟರಿನವರಿಗೆ ಅವನ ಪರಿಚಯ ಅಷ್ಟಾಗಿ ಇರಲಿಲ್ಲ.

ಅವನು ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದು ಹೀಗಿತ್ತು. ಹಳ್ಳಿಯಿಂದ 7.40ರ ಬಸ್ಸು. 9 ಗಂಟೆಗೆ ಚೀಟಿ ಸಾಲು. ಚೀಟಿ ಕೊಡುವವರು ಜೋರಾಗಿ "ಏನ್ ತೊಂದ್ರೆ?" ಅಂದರು, ಇವನು ಮೆಲ್ಲಗೆ ಹೇಳಿದ, ಅವರು ಮತ್ತೆ ಜೋರಾಗಿ "ಕುಡಿಯೋದಾ? ಹನ್ನೆರಡನೇ ರೂಮು" ಅಂದರು. ಹಿಂದೆ ನಿಂತವರು ತಿರುಗಿ ನೋಡಿದರು. ಹನ್ನೆರಡನೇ ರೂಮಿನ ಬಾಗಿಲು ಹಾಕುವುದಿಲ್ಲ, ಎದುರಿಗೇ ರಕ್ತ ಪರೀಕ್ಷೆಯ ಸಾಲು. ಡಾಕ್ಟರ್ ನೋಡಿದ್ದು 12.20ಕ್ಕೆ, ಆರು ನಿಮಿಷ. ಫಾರ್ಮಸಿಗೆ ಹೋಗೋ ಹೊತ್ತಿಗೆ ಊಟದ ಬಿಡುವು. ಮಾತ್ರೆ ಸಿಕ್ಕಿದ್ದು 2.15ಕ್ಕೆ. ಊರಿಗೆ ಬಸ್ಸು 1.30ಕ್ಕೆ ಹೋಗಿಯಾಗಿತ್ತು, ಮುಂದಿನದು 4 ಗಂಟೆಗೆ. ಬಸ್ ಸ್ಟ್ಯಾಂಡಿನ ಎದುರಿಗೇ ವೈನ್ ಶಾಪ್. ಕೊನೆಯ ಸಾಲು: "ನಾನು ಕುಡಿಯಲ್ಲ. ಆದರೂ ಬೇಜಾರಾಗಿ ಅಲ್ಲಿ ಹೋಗಿ ಕೂರೋಣ ಅನ್ನಿಸಿತು."

ಈ ಪುಟ ಓದಿದ ಮೇಲೆ 'ಅವರಿಗೇ ಬೇಕಿಲ್ಲ' ಅನ್ನುವ ಮಾತು ಆ ರೂಮಿನಲ್ಲಿ ಕಡಿಮೆಯಾಯಿತು.

ಇನ್ನೊಂದು ವಿಷಯ ಹುಡುಗನ ನೋಟ್‌ಬುಕ್‌ನಲ್ಲಿ ಇರಲಿಲ್ಲ, ರಟ್ಟಿನ ಚೀಟಿಗಳಿಂದ ಸಿಕ್ಕಿತು. ಅವನ್ನು ನೋಡಿ, ಬಾರದೇ ಹೋದವರಲ್ಲಿ ಫೋನಿಗೆ ಸಿಕ್ಕವರನ್ನು ಮೇಡಂ ಮಾತಾಡಿಸಿದರು. ಒಬ್ಬರು ಹೇಳಿದ್ದು: "ಬುಧವಾರ ತಡ್ಕೊಂಡೆ ಕಣಕ್ಕ. ಗುರುವಾರ ಕೈ ನಡುಕ, ಬೆವರು, ರಾತ್ರಿ ನಿದ್ದೆ ಇಲ್ಲ. ಒಂದ್ ನೈಂಟಿ ಹಾಕ್ದೆ, ನಿಂತೋಯ್ತು. ಆಮೇಲ್ ಯಾವ್ ಮಕ ಇಟ್ಕೊಂಡ್ ಬರ್ಲಿ?"

ಇದು ಮನಸ್ಸಿನ ಗಟ್ಟಿತನದ ಪ್ರಶ್ನೆಯಲ್ಲ, ಮೈಯ ಗಡಿಯಾರ. ದಿನವೂ ಜಾಸ್ತಿ ಕುಡಿಯುವವರು ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು ಶುರುವಾಗುತ್ತದೆ. ಫಿಟ್ಸ್ ಬರುವುದಿದ್ದರೆ ಸಾಮಾನ್ಯವಾಗಿ ಮೊದಲ ಎರಡು ದಿನ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಭ್ರಮೆ, ಬಡಬಡಿಕೆ, ಯಾರೋ ಹೊಡೆಯಲು ಬಂದರು ಅನ್ನುವ ಭಯ. ಅದು ಜೀವಕ್ಕೇ ಅಪಾಯ. ಅಂದರೆ ಕಷ್ಟವೆಲ್ಲ ಬುಧವಾರದಿಂದ ಶನಿವಾರದೊಳಗೆ. ನಾವು ರೋಗಿಯ ಕೈಗೆ ಕೊಡುವ ಚೀಟಿಯಲ್ಲಿ ಬರೆದಿದ್ದದ್ದು 'ಮುಂದಿನ ಮಂಗಳವಾರ ಬನ್ನಿ'.

(ನಡುಕ ಬಂತು ಅಂತ ಊರಿನಲ್ಲೇ ಗ್ಲೂಕೋಸ್ ಬಾಟಲಿ ಹಾಕಿಸಿಕೊಳ್ಳುವುದು ನಮ್ಮ ಕಡೆ ಮಾಮೂಲು. ತುಂಬಾ ಕುಡಿಯುವವರಿಗೆ ವಿಟಮಿನ್ ಬಿ1, ಅಂದರೆ ಥಯಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗಬಹುದು. ಇದನ್ನು ಆಶಾ ಅಕ್ಕಂದಿರಿಗೆ ಎಷ್ಟು ಸಲ ಹೇಳಿದರೂ ಕಡಿಮೆ.)

ಮೂರನೇ ದಿನದ ಫೋನು

ಮಾಡಿದ್ದು ದೊಡ್ಡದೇನಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಎರಡು ವಾರ ನೋಡುವುದು, ಬರೆದಿಡುವುದು. ಎಲ್ಲ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಮೊದಲು, ಗುರುವಾರ ಬೆಳಿಗ್ಗೆ ಸಿಸ್ಟರ್ ಫೋನ್ ಮಾಡಬೇಕು. ನಡುಕ ಹೇಗಿದೆ, ಮಾತ್ರೆ ತಗೊಂಡ್ರಾ, ನಿದ್ದೆ ಬಂತಾ. ಭ್ರಮೆ, ಫಿಟ್ಸ್ ಸೂಚನೆ ಇದ್ದರೆ ಅವತ್ತೇ ಆಸ್ಪತ್ರೆಗೆ ಬರಲಿ. ವಾರ ಕಾಯುವುದು ಬೇಡ, ಇಲ್ಲಿನ ಸಾಮಾನ್ಯ ವೈದ್ಯರು ದಾಖಲು ಮಾಡಿಕೊಂಡು ಮನೋವೈದ್ಯರನ್ನು ಫೋನಿನಲ್ಲಿ ಕೇಳುತ್ತಾರೆ. ರಾತ್ರಿ ಹೊತ್ತು ಮಾತಾಡಬೇಕು ಅನ್ನಿಸಿದರೆ ಅಂತ ಚೀಟಿಯ ಹಿಂದೆ ಟೆಲಿ ಮಾನಸ್ ನಂಬರ್ 14416 ಬರೆದರು. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಮೊದಲ ವಾರವೇ ಎಡವಟ್ಟಾಯಿತು. ಸಿಸ್ಟರ್ ಫೋನ್ ಮಾಡಿದಾಗ ಎತ್ತಿದ್ದು ರೋಗಿಯ ಭಾವಮೈದುನ. ಇವರು "ಆಸ್ಪತ್ರೆಯಿಂದ, ಕುಡಿತದ ಬಗ್ಗೆ" ಅಂದುಬಿಟ್ಟರು. ಮನೆಯಲ್ಲಿ ಜಗಳ. ಆ ಮನುಷ್ಯ ಮತ್ತೆ ಬರಲೇ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ರೋಗಿಯ ವಿಷಯ ಗುಟ್ಟಾಗಿಡಬೇಕು ಅನ್ನುತ್ತದೆ. ಹಾಗಂತ ಬರೆದ ಕಾಗದ ಗೋಡೆಗೇ ಅಂಟಿಸಿತ್ತು, ಎಲ್ಲರೂ ನೋಡಿದ್ದೇ. ಅಲ್ಲಿಂದ ಮುಂದೆ ಮೊದಲ ದಿನವೇ ಮೂರು ಪ್ರಶ್ನೆ ಕೇಳಿ ಚೀಟಿಯಲ್ಲಿ ಬರೆದುಕೊಳ್ಳತೊಡಗಿದರು. ಯಾವ ನಂಬರಿಗೆ ಮಾಡಲಿ? ಯಾವ ಹೊತ್ತಿಗೆ? ಬೇರೆಯವರು ಎತ್ತಿದರೆ ಏನು ಹೇಳಲಿ? ಮೂರನೆಯದಕ್ಕೆ ಬಂದ ಉತ್ತರಗಳು ಚೆನ್ನಾಗಿವೆ. "ಶುಗರ್ ಟೆಸ್ಟ್ ರಿಪೋರ್ಟ್ ಬಂದಿದೆ ಅನ್ನಿ" ಅಂದವರೇ ಜಾಸ್ತಿ.

ಎರಡನೆಯದು, ಚೀಟಿ ಕೌಂಟರಿನಲ್ಲಿ ಕಾಯಿಲೆ ಕೇಳುವುದು ನಿಂತಿತು. 'ಹನ್ನೆರಡು' ಅಂದರೆ ಸಾಕು. ರೂಮಿನ ಬಾಗಿಲಿಗೆ ಪರದೆ ಬಂತು. ಮೂರನೆಯದು, ಹನ್ನೆರಡನೇ ರೂಮಿನವರಿಗೆ ಮಾತ್ರೆ ಅಲ್ಲೇ ಕೊಡುವುದು, 1.30ರ ಬಸ್ಸು ತಪ್ಪದ ಹಾಗೆ. ಫಾರ್ಮಸಿಯವರು ಇದಕ್ಕೆ ಒಪ್ಪಲು ಒಂದು ತಿಂಗಳು ಹಿಡಿಯಿತು. ಅವರದೂ ತಪ್ಪಲ್ಲ, ಸ್ಟಾಕ್ ಲೆಕ್ಕಕ್ಕೆ ಉತ್ತರ ಹೇಳಬೇಕಾದವರು ಅವರೇ.

ಲೆಕ್ಕವನ್ನು ಕಂಪ್ಯೂಟರಿಗೆ ಹಾಕಲಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿ, ಕೆಂಪು ಸ್ಕೆಚ್ ಪೆನ್ನು. ಹೊಸದಾಗಿ ಬಂದ ಪ್ರತಿ ಹತ್ತು ಜನರಿಗೆ ಒಂದು ಚುಕ್ಕೆ. ಹತ್ತರಲ್ಲಿ ಎಷ್ಟು ಜನ 14 ದಿನದೊಳಗೆ ಮತ್ತೆ ಬಂದರೋ ಅಷ್ಟು ಎತ್ತರಕ್ಕೆ. ಶೇಕಡಾ ಲೆಕ್ಕ ಬೇಡ, ಯಾರು ನೋಡಿದರೂ ಅರ್ಥವಾಗಬೇಕು. ಹಳೆಯ ಮೂರು ತಿಂಗಳದ್ದು ಆರು ಚುಕ್ಕೆ: 3, 4, 2, 4, 3, 4. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ನಡುವಿನ ಬೆಲೆ ಮೂರೂವರೆ. ಅಲ್ಲೊಂದು ಅಡ್ಡಗೆರೆ ಎಳೆದರು.

ಒಂದು ಚುಕ್ಕೆ ಮೇಲೆ ಹೋದರೆ ಕುಣಿಯುವುದು ಬೇಡ, ಕೆಳಗೆ ಬಿದ್ದರೆ ಅಳುವುದೂ ಬೇಡ ಅಂತ ಮೊದಲೇ ಮಾತಾಗಿತ್ತು. ಆರು ಚುಕ್ಕೆ ಸಾಲಾಗಿ ಗೆರೆಗಿಂತ ಮೇಲೆ ನಿಂತರೆ ಆಗ ಏನೋ ಬದಲಾಗಿದೆ ಅಂತ ನಂಬಬಹುದು. ಇದು ಈ ಬಗೆಯ ಚಿತ್ರ ಓದುವವರು ಸಾಮಾನ್ಯವಾಗಿ ಬಳಸುವ ಒಂದು ನಿಯಮ.

ನವೆಂಬರಿನ ಎರಡು ಚುಕ್ಕೆ 4, 5. ಡಿಸೆಂಬರಿನಲ್ಲಿ 8, ಆಮೇಲೆ 9.

ಡಿಸೆಂಬರಿನ ಅನುಮಾನ

ಒಂಬತ್ತು ನೋಡಿ ಎಲ್ಲರಿಗೂ ಖುಷಿ. ಹುಡುಗನಿಗೆ ಮಾತ್ರ ಅನುಮಾನ. ಅಷ್ಟೊಂದು ಜನ ಬಂದಿದ್ದರೆ ಹೊರಗಿನ ಬೆಂಚು ತುಂಬಬೇಕಿತ್ತಲ್ವಾ?

ಆಗಿದ್ದು ಇಷ್ಟು. ನವೆಂಬರ್ ಕೊನೆಗೆ ಮೇಲಿನವರು ಗೋಡೆಯ ಚಿತ್ರ ನೋಡಿ ಮೆಚ್ಚಿ, 'ಡಿಸೆಂಬರಿಗೆ ಏಳು ಆಗಲಿ' ಅಂತ ಗುರಿ ಕೊಟ್ಟರು. ಅಲ್ಲಿಯವರೆಗೆ ಯಾರಾದರೂ ಮನೆಯವರು ಮಾತ್ರೆಗೆ ಬಂದರೆ ಚೀಟಿಯಲ್ಲಿ ಏನೋ ಒಂದು ಗುರುತು ಹಾಕುತ್ತಿದ್ದರು. ಗುರಿ ಬಂದ ಮೇಲೆ ಅದೆಲ್ಲ 'ಬಂದರು' ಆಯಿತು. ಯಾರೂ ಮೋಸ ಮಾಡಬೇಕು ಅಂತ ಮಾಡಲಿಲ್ಲ. ಬಂದವರು ಯಾರು ಅಂತ ನಮೂದಿಸಲು ಜಾಗವೇ ಇರಲಿಲ್ಲ.

ಬರುತ್ತಿದ್ದವರು ಹೆಂಡತಿಯರು. ಅದಕ್ಕೂ ಲೆಕ್ಕವಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಗಂಡ ಬಂದರೆ ಚಾರ್ಜು, ಜೊತೆಗೆ ಅವನ ಕೂಲಿಯೂ ಹೋಗುತ್ತದೆ. ಮನೆಯಲ್ಲಿ ಕೂತು ಯೋಚಿಸಿದರೆ ಹೆಂಡತಿಯೇ ಬರುವುದು ಸರಿ ಅನ್ನಿಸುತ್ತದೆ.

ಚೀಟಿಯಲ್ಲಿ ಎರಡು ಕಾಲಂ ಮಾಡಿದರು: 'ತಾನೇ ಬಂದರು', 'ಮನೆಯವರು ಬಂದರು'. ಡಿಸೆಂಬರಿನ ಚುಕ್ಕೆಗಳನ್ನು ಅಳಿಸದೆ ಪಕ್ಕದಲ್ಲೇ ನೀಲಿ ಬಣ್ಣದಲ್ಲಿ ಸರಿ ಮಾಡಿದರು: 5, 4. ಅಳಿಸದೇ ಇದ್ದದ್ದು ಒಳ್ಳೆಯ ಕೆಲಸ ಅನ್ನುತ್ತೇನೆ. ಹಳೆಯ ಮೂರೂವರೆಯಲ್ಲೂ ಹೆಂಡತಿಯರು ಸೇರಿರಬಹುದು, ಈಗ ಅದನ್ನು ಬೇರೆ ಮಾಡುವ ದಾರಿ ಇಲ್ಲ. ಹಾಗಾಗಿ ಆ ಗೆರೆಯನ್ನು ತುಂಡು ತುಂಡು ಗೆರೆಯಾಗಿ ಬದಲಿಸಿದರು. ಏಳರ ಗುರಿಯನ್ನು ಕೈಬಿಡಿ ಅಂತ ಕೇಳಿಕೊಂಡಾಗ ಮೇಲಿನವರೂ ಒಪ್ಪಿದರು. ಕಲ್ಪಿತ ಪ್ರಕರಣ ಆಗಿದ್ದರಿಂದ ಒಪ್ಪಿದರು ಅಂತ ನೀವು ನಗಬಹುದು.

ಹೆಂಡತಿಯರು ಒಬ್ಬರೇ ಬರುವುದನ್ನು ನಿಲ್ಲಿಸಬೇಕಾ ಅನ್ನುವ ಚರ್ಚೆಯೂ ನಡೆಯಿತು. ಮೇಡಂ ಬೇಡ ಅಂದರು. ಆ ಕಾಲಂ ತೆರೆದ ಮೇಲೆಯೇ ಎರಡು ವಿಷಯ ಬೆಳಕಿಗೆ ಬಂದವು.

ಒಂದು, ಬಂದವರಲ್ಲಿ ಕೆಲವರು ಕೇಳುತ್ತಿದ್ದದ್ದು "ಊಟಕ್ಕೆ ಕಲಸೋ ಮಾತ್ರೆ ಕೊಡಿ ಮೇಡಂ, ಅವರಿಗೆ ಗೊತ್ತಾಗಬಾರ್ದು". ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಮಾತ್ರೆ ಬಗ್ಗೆ ಊರೂರಲ್ಲಿ ಸುದ್ದಿ ಇದೆ. ಆ ಮಾತ್ರೆ ತೆಗೆದುಕೊಂಡಾಗ ಕುಡಿದರೆ ಮುಖ ಕೆಂಪಾಗಿ, ಎದೆ ಬಡಿದು, ವಾಂತಿಯಾಗಿ, ಬಿಪಿ ಇಳಿದು ಜೀವಕ್ಕೂ ಅಪಾಯವಾಗಬಹುದು. ತಿನ್ನುವವನಿಗೆ ಗೊತ್ತಿಲ್ಲದೆ, ಅವನು ಒಪ್ಪದೆ ಕೊಡುವಂತೆಯೇ ಇಲ್ಲ. ಇಲ್ಲಿ ಯಾರೂ ಕೊಟ್ಟಿರಲಿಲ್ಲ. ಆದರೆ ಎಷ್ಟು ಜನ ಕೇಳುತ್ತಾರೆ ಅನ್ನುವುದು ಆವರೆಗೆ ಯಾರ ಲೆಕ್ಕದಲ್ಲೂ ಇರಲಿಲ್ಲ. ಈಗ ಹಾಗೆ ಕೇಳಿದವರನ್ನು ಗದರಿ ಕಳಿಸದೆ ಕೂರಿಸಿ, ಏನಾಗುತ್ತದೆ ಅಂತ ಬಿಡಿಸಿ ಹೇಳುತ್ತಾರೆ.

ಎರಡು, ಆ ಅಕ್ಕಂದಿರ ಸ್ಥಿತಿ. ಒಬ್ಬರು ಮಾತ್ರೆ ಕೈಗೆ ತಗೊಂಡು ಎದ್ದು ಹೋಗದೆ ಹಾಗೇ ಕೂತಿದ್ದರು. ಮೇಡಂ ಖಿನ್ನತೆಯ ಒಂಬತ್ತು ಪ್ರಶ್ನೆಗಳನ್ನು ಅವರಿಗೇ ಕೇಳಿದರು. ಗಂಡನಿಗೆ ಚೀಟಿ ಇತ್ತು, ಇವರಿಗೆ ಇರಲಿಲ್ಲ. ಅವತ್ತು ಇವರಿಗೂ ಒಂದು ಚೀಟಿ ಆಯಿತು. ಮಾರ್ಚ್ ಹೊತ್ತಿಗೆ ಹೀಗೆ ಚೀಟಿಯಾದ ಹೆಂಗಸರು 11.

ಹಳೆಯ ರೋಗಿಗಳ ಚೀಟಿಯಿಂದ ಸಿಕ್ಕಿದ ಒಂದು ಸಣ್ಣ ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಗಸ್ಟಿನಲ್ಲಿ ಮಾತ್ರೆಗೆ ಬಂದು ಆಮೇಲೆ ತಪ್ಪಿಸಿಕೊಂಡವರ ಚೀಟಿಗಳನ್ನು ಫಾರ್ಮಸಿಯ ಸ್ಟಾಕ್ ಪುಸ್ತಕದ ಪಕ್ಕ ಇಟ್ಟು ನೋಡಿದಾಗ, ಸ್ಕಿಜೋಫ್ರೀನಿಯಾದಂಥ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್ ಮಾತ್ರೆ ಖಾಲಿಯಾಗಿದ್ದ ದಿನಗಳಲ್ಲಿ ಬಂದು ಬರಿಗೈಲಿ ಹೋದವರೇ ಅವರಲ್ಲಿ ಜಾಸ್ತಿ ಇದ್ದರು. ಎರಡು ಪುಸ್ತಕಗಳೂ ಒಂದೇ ಕಟ್ಟಡದಲ್ಲಿ ವರ್ಷಗಟ್ಟಲೆ ಇದ್ದವು. ಈಗ ಮಾತ್ರೆ 15 ದಿನಕ್ಕಾಗುವಷ್ಟು ಉಳಿದಾಗಲೇ ಬೇಡಿಕೆ ಪಟ್ಟಿ ಹೋಗುತ್ತದೆ.

ಗೆರೆಯ ಮೇಲೆ, ಗೆರೆಯ ಕೆಳಗೆ

ಜನವರಿಯಲ್ಲಿ 6, 6. ನವೆಂಬರಿನಿಂದ ಎಣಿಸಿದರೆ ಸರಿ ಮಾಡಿದ ಚುಕ್ಕೆಗಳೂ ಸೇರಿ ಆರು ಸಾಲಾಗಿ ಗೆರೆಯ ಮೇಲೆ. ಅವತ್ತು ಮೇಡಂ ಎಲ್ಲರಿಗೂ ಮದ್ದೂರು ವಡೆ ತರಿಸಿದರು. ಫೆಬ್ರವರಿ 5, 7.

ಮತ್ತೆ ಬಂದರು ಅಂದರೆ ಕುಡಿತ ಬಿಟ್ಟರು ಅಂತಲ್ಲ, ಇದನ್ನು ಮರೆಯಬಾರದು. ಕುಡಿತ ಎಷ್ಟು ಕಡಿಮೆಯಾಗಿದೆ ಅಂತ ನೋಡಲು ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ 'ಆಡಿಟ್' ಅನ್ನೇ ಪ್ರತಿ ತಿಂಗಳು ಕೇಳೋಣ ಅಂತ ಒಬ್ಬರು ಸಲಹೆ ಕೊಟ್ಟರು. ಅದರ ಹೆಚ್ಚಿನ ಪ್ರಶ್ನೆಗಳು ಕಳೆದ ಒಂದು ವರ್ಷದ ಬಗ್ಗೆ. ತಿಂಗಳಿಗೊಮ್ಮೆ ಕೇಳಿದರೆ ಅಂಕ ಅಲ್ಲಾಡುವುದೇ ಇಲ್ಲ. ಮೊದಲ ದಿನ ತೀವ್ರತೆ ಅಳೆಯಲು ಅದು ಸರಿ. ತಿಂಗಳ ಲೆಕ್ಕಕ್ಕೆ ಅವರು ಎರಡೇ ಪ್ರಶ್ನೆ ಇಟ್ಟುಕೊಂಡರು. ಹೋದ 30 ದಿನದಲ್ಲಿ ಎಷ್ಟು ದಿನ ಕುಡಿದಿರಿ? ಎಷ್ಟು ದಿನ ಕೆಲಸಕ್ಕೆ ಹೋದಿರಿ? ಬೈಯುವುದಿಲ್ಲ ಅಂತ ಗೊತ್ತಾದ ಮೇಲೆ ಜನ ನಿಜವನ್ನೇ ಹೇಳುತ್ತಾರೆ. "ಮೂವತ್ತರಲ್ಲಿ ಹನ್ನೊಂದು" ಅಂದವನಿಗೆ ಮೊದಲು ಅದು ಮೂವತ್ತಕ್ಕೆ ಮೂವತ್ತೂ ಆಗಿತ್ತು. ಬಿಟ್ಟನೋ ಇಲ್ಲವೋ ಅಂತ ಮಾತ್ರ ಬರೆದಿದ್ದರೆ ಅವನು 'ಇಲ್ಲ'ದ ಪಟ್ಟಿಗೆ ಹೋಗುತ್ತಿದ್ದ.

ಮಾರ್ಚಿನ ಮೊದಲ ಚುಕ್ಕೆ 5. ಎರಡನೆಯದು 2.

ಎಲ್ಲರೂ ಗೋಡೆ ಮುಂದೆ ನಿಂತರು. ಫೋನ್ ಹೋಗಿತ್ತಾ? ಹೋಗಿತ್ತು. ಮಾತ್ರೆ ಇತ್ತಾ? ಇತ್ತು. ಸಿಸ್ಟರ್ ಆ ಹತ್ತು ಚೀಟಿಗಳ ತಾರೀಕು ನೋಡಿ ನಕ್ಕರು. "ಹೊಸತೊಡಕು."

ಯುಗಾದಿ ಮಾರ್ಚ್ ಕೊನೆಗೆ ಬಂದಿತ್ತು. ಮಾರನೇ ದಿನ ಹೊಸತೊಡಕು. ಮಂಡ್ಯ ಕಡೆ ಅವತ್ತು ಮಟನ್, ಇಸ್ಪೀಟು, ಎಣ್ಣೆ ಮೂರೂ ಇರುತ್ತವೆ. ಮೂರು ದಿನ ತಡೆದುಕೊಂಡಿದ್ದವನಿಗೂ "ಹಬ್ಬದ ದಿನ ಒಂದ್ ಗುಟುಕು" ಅಂತ ಬಲವಂತ. ಅದರ ಬೆನ್ನಿಗೇ ಮದುವೆಗಳ ಕಾಲ, ಬೀಗರೂಟಗಳ ಸಾಲು. ಇದು ಆ ರೂಮಿನಲ್ಲಿ ಕೂತ ಎಲ್ಲರಿಗೂ ಗೊತ್ತಿದ್ದ ವಿಷಯ, ಚಿತ್ರದಲ್ಲಿ ಬೀಳುವವರೆಗೆ ಯಾರೂ ಅದನ್ನು ಕೆಲಸದ ಪಟ್ಟಿಗೆ ಸೇರಿಸಿರಲಿಲ್ಲ, ಅಷ್ಟೇ. ಹುಡುಗ ಮುಂದಿನ ವರ್ಷದ ಕ್ಯಾಲೆಂಡರ್ ಸಿಕ್ಕ ಕೂಡಲೇ ಯುಗಾದಿಯ ಹಿಂದಿನ ವಾರ, ಮಹಾಲಯ ಅಮಾವಾಸ್ಯೆ, ಊರಿನ ಮಾರಿಹಬ್ಬ, ಮೂರಕ್ಕೂ ಗುರುತು ಹಾಕುತ್ತೇನೆ ಅಂದ. ಆ ವಾರಗಳಲ್ಲಿ ಗುರುವಾರದ ಜೊತೆ ಹಬ್ಬದ ಹಿಂದಿನ ಸಂಜೆಯೂ ಒಂದು ಫೋನು.

ಏಪ್ರಿಲ್‌ನಲ್ಲಿ ಕೌನ್ಸೆಲರ್ ಮೇಡಂ ಅವರ ಗುತ್ತಿಗೆ ಅವಧಿ ಮುಗಿಯಿತು. ಹೊಸಬರು ಬರಲು ಏಳು ವಾರ ಹಿಡಿಯಿತು. ಆ ಏಳು ವಾರ ಗೋಡೆಯ ಮೇಲೆ ಚುಕ್ಕೆ ಇಲ್ಲ. ಸಿಸ್ಟರ್ ಫೋನುಗಳನ್ನು ಮಾತ್ರ ಬಿಡಲಿಲ್ಲ, ಹೊರರೋಗಿ ಕೆಲಸದ ನಡುವೆಯೇ ಆದಷ್ಟು ಮಾಡಿದರು. ಹೊಸ ಮೇಡಂ ಬಂದ ದಿನ ಅವರ ಕೈಗೆ ಮೊದಲು ಕೊಟ್ಟಿದ್ದು ಹುಡುಗನ ಆ ನೋಟ್‌ಬುಕ್ ಪುಟ. ಎರಡನೇ ದಿನ ಅವರು ಬ್ಯಾಗು, ಐಡಿ ಕಾರ್ಡು ಎಲ್ಲ ಒಳಗಿಟ್ಟು, ತಲೆ ಮೇಲೆ ಸೆರಗು ಹಾಕಿಕೊಂಡು ಚೀಟಿ ಸಾಲಿನಲ್ಲಿ ಹೋಗಿ ನಿಂತರು. ಕೌಂಟರಿನಲ್ಲೂ ಅಷ್ಟು ಹೊತ್ತಿಗೆ ಹೊಸಬರು ಬಂದಿದ್ದರು. ಇವರು 'ಹನ್ನೆರಡು' ಅಂದರು. ಅವರು ತಲೆ ಎತ್ತಿ ಜೋರಾಗಿ ಕೇಳಿದರು: "ಏನ್ ತೊಂದ್ರೆ?"